ಬಲಕ್ಕೆ ತಕ್ಕ ಅಗಲ

ಅತಿಯಾಸೆ ತಪ್ಪೆಂದು ಬಸವಣ್ಣನ ನಾಡಿನವರಿಗೆ ಯಾರೂ ಹೇಳಬೇಕಿಲ್ಲ. ಆದರೆ ಇದ್ದ ಬಲಕ್ಕಿಂತ ಕಡಿಮೆ ದುಡಿಯುವುದೂ ತಪ್ಪೇ? ಇಂಡಿಯ ನನ್ನ ಲಿಂಬಿ ತೋಟಕ್ಕೆ ಮಿನಿ ಟ್ರ್ಯಾಕ್ಟರ್ ಬಂದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಸಿಂದಗಿ, ಮುದ್ದೇಬಿಹಾಳ ಕಡೆಯ ಹುಡುಗರು ಕೇಳುತ್ತಾರೆ: "ಕಾಕಾ, 27 ಎಚ್‌ಪಿ ಗಾಡಿ ಐತಿ. 5 ಅಡಿ ರೋಟಾವೇಟರ್ ಹಾಕಿದ್ರ ಕೆಲಸ ಲಗೂ ಮುಗಿತೈತಲ್ಲ?"

ಇಲ್ಲ ತಮ್ಮಾ. ಎಂಜಿನ್ನಿನ ಎಚ್‌ಪಿ ಪೂರ್ತಿ ಪಿಟಿಒಗೆ, ಅಂದರೆ ರೋಟಾವೇಟರ್ ತಿರುಗಿಸುವ ಹಿಂದಿನ ಶಾಫ್ಟಿಗೆ, ಮುಟ್ಟುವುದಿಲ್ಲ. ಅದರ ಮೇಲೆ ನಮ್ಮದು ಎರಿ ಮಣ್ಣು: ಹಸಿಯಿದ್ದರೆ ಬ್ಲೇಡಿಗೆ ಮೆತ್ತುತ್ತದೆ, ಒಣಗಿದರೆ ಕಲ್ಲಿನಂಥ ಹೆಂಟೆ. ಕೆಂಪು ಮಸಾರಿ ಮಣ್ಣಿನಲ್ಲಿ ನಡೆದದ್ದು ಇಲ್ಲಿ ನಡೆಯದು. ಎಂಜಿನ್ ಹೊಗೆಯುಗುಳಿ ಕುಂದುತ್ತದೆ. ಬದುವಿನ ಹತ್ತಿರ ತಿರುವಲು ಭಾರದ ರೋಟಾವೇಟರ್ ಎತ್ತಿದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಅದಕ್ಕೇ 4 ಅಡಿ ಸಾಕೆನ್ನುತ್ತೇನೆ.

ಹಾಗಾದರೆ 3 ಅಡಿಯದು ಇನ್ನೂ ಒಳ್ಳೆಯದೇ? ಅದೂ ಅಲ್ಲ. ಹಿಂದಿನ ಗಾಲಿಗಳ ಹೊರ ಅಂಚನ್ನು ಅದು ಮುಚ್ಚದಿದ್ದರೆ, ಗಾಲಿ ತುಳಿದು ಬಿಗಿ ಮಾಡಿದ ಮಣ್ಣು ಹಾಗೇ ಉಳಿಯುತ್ತದೆ. ನಾವು ಕೆಡಿಸಿದ್ದನ್ನು ನಾವೇ ಸರಿಮಾಡದೆ ಹೊಲ ದಾಟಿ ಬಂದಂತಾಗುತ್ತದೆ.

ಶರಣೆ ಆಯ್ದಕ್ಕಿ ಲಕ್ಕಮ್ಮ ನನಗೆ ಗುರುವಾಗುವುದು ಇಲ್ಲಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಅವಳ ಗಂಡ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದಾಗ, ಅದನ್ನು ಅಲ್ಲೇ ಸುರಿದು ಬರುವಂತೆ ಕಳಿಸಿದಳು. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಅವನು ಅನುಭಾವದ ಮಾತಿನಲ್ಲಿ ಮೈಮರೆತು ಕೂತಾಗ, ಕಾಯಕ ನಿಂತಿದೆಯೆಂದು ಎಬ್ಬಿಸಿದವಳೂ ಅವಳೇ. ಹೆಚ್ಚಾದದ್ದನ್ನು ತಡೆದವಳು ಕಡಿಮೆಯಾದದ್ದನ್ನೂ ಒಪ್ಪಲಿಲ್ಲ.

2023ರ ಜನವರಿಯಲ್ಲಿ ದೇಹ ಬಿಟ್ಟ ವಿಜಯಪುರದ ಸಿದ್ದೇಶ್ವರ ಸ್ವಾಮೀಜಿಯವರ ಅಂಗಿಗೆ ಕಿಸೆ ಇರಲಿಲ್ಲ. ಅದನ್ನಷ್ಟೇ ನೆನೆದರೆ ಅರ್ಧ ನೆನೆದಂತೆ. ತಮಗೆಂದು ಏನೂ ಇಟ್ಟುಕೊಳ್ಳದ ಅವರು ದಶಕಗಳ ಕಾಲ ಊರೂರಿಗೆ ಹೋಗಿ ಪ್ರವಚನ ಹೇಳಿದರು. ತಮ್ಮ ಬಲವನ್ನೂ ಕೂಡಿಡಲಿಲ್ಲ.

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಾಯಕಕ್ಕೆ ಈ ಎರಡು ಅಂಚುಗಳಿವೆ ಎಂದು ನಾನು ನಂಬಿದ್ದೇನೆ: ಇಲ್ಲದ ಬಲವನ್ನು ತೋರಿಸಬಾರದು, ಇರುವ ಬಲವನ್ನು ಮುಚ್ಚಿಡಬಾರದು. ಆದ್ದರಿಂದ ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಪಕ್ಕದ ಹೊಲದವನ ಗಾಡಿ ನೋಡಬೇಡಿ. ಮಾರುವವನನ್ನು ಪಿಟಿಒ ಬಲ ಎಷ್ಟೆಂದು ಕೇಳಿ, ಗಾಲಿಯಿಂದ ಗಾಲಿಗೆ ಟೇಪು ಹಿಡಿಯಿರಿ, ನಿಮ್ಮ ಮಣ್ಣು ಯಾವುದೆಂದು ಅವನಿಗೆ ಹೇಳಿ. ಆಮೇಲೆ ಅಡಿಯ ಮಾತು.