ಇಂದಿನ ಚಿಂತನೆ: ಉಸಿರು ಮತ್ತು ಧೂಳು



ಹಾಳಾದ ಶ್ವಾಸಕೋಶವನ್ನು ಮತ್ತೆ ಬೆಳೆಸಬಹುದೇ? ವಿಜ್ಞಾನಿಗಳು ಈ ಪ್ರಯತ್ನದಲ್ಲಿದ್ದಾರೆ. ನಮ್ಮ ಗಾಳಿಚೀಲಗಳಲ್ಲಿ ಗಾಯವಾದರೆ ಹೊಸ ಪದರ ಕಟ್ಟುವ ಜೀವಕೋಶಗಳು ಹುಟ್ಟಿನಿಂದಲೇ ಇವೆ. ಅವುಗಳ ಶಕ್ತಿ ಹೆಚ್ಚಿಸುವುದು ಒಂದು ದಾರಿ, ಹೊರಗಿನಿಂದ ಸ್ಟೆಮ್ ಸೆಲ್ ಸೇರಿಸುವುದು ಇನ್ನೊಂದು. 2010ರಲ್ಲಿ ಅಮೆರಿಕದಲ್ಲಿ ಇಲಿಯ ಶ್ವಾಸಕೋಶದ ಕೋಶಗಳನ್ನೆಲ್ಲ ತೊಳೆದು, ಉಳಿದ ಹಂದರದ ಮೇಲೆ ಹೊಸ ಕೋಶ ಬೆಳೆಸಿ, ಬೇರೆ ಇಲಿಗೆ ಜೋಡಿಸಿದರು. ಅದು ಕೆಲವು ಗಂಟೆ ಕೆಲಸ ಮಾಡಿತು. ಮನುಷ್ಯರ ಚಿಕಿತ್ಸೆಗೆ ಅದಿನ್ನೂ ಬಂದಿಲ್ಲ.

ಈ ಚಿಕಿತ್ಸೆ ಯಾರಿಗೆ ಬೇಕು ಎಂದು ಯೋಚಿಸಿದಾಗ ನನಗೆ ಕೋಲಾರದ ಚಿನ್ನದ ಗಣಿ ನೆನಪಾಗುತ್ತದೆ. ಅಲ್ಲಿ ನೆಲದಡಿ ದುಡಿದವರಲ್ಲಿ ಬಹಳಷ್ಟು ಮಂದಿ ನಮ್ಮವರು. ಬಾಬಾಸಾಹೇಬರ ದೀಕ್ಷೆಗೆ ದಶಕಗಳ ಮುಂಚೆಯೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದ ಜನ. 1940ರ ದಶಕದಲ್ಲಿ ಅಲ್ಲಿನ 7653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಗೆ ಸಿಲಿಕೋಸಿಸ್ ಇತ್ತು.

ಕಲ್ಲಿನ ಸಣ್ಣ ಧೂಳು ಎದೆಯೊಳಗೆ ಹೋದರೆ ಅದನ್ನು ನುಂಗಿ ಶುದ್ಧಮಾಡಲು ಬಂದ ಕೋಶಗಳೇ ಸಾಯುತ್ತವೆ. ಧೂಳು ಮತ್ತೆ ಹೊರಬೀಳುತ್ತದೆ, ಮತ್ತೊಂದು ಕೋಶವನ್ನು ಕೊಲ್ಲುತ್ತದೆ. ಹೀಗೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಹುದು. ಅಂಥ ಎದೆಗೆ ಹೊಸ ಕೋಶ ಕೊಟ್ಟರೂ ಧೂಳು ಒಳಗೇ ಕೂತಿರುತ್ತದೆ.

ಭಗವಾನ್ ಬುದ್ಧರು ದುಃಖ ಇದೆ ಎಂದು ಹೇಳಿ ನಿಲ್ಲಿಸಲಿಲ್ಲ, ಅದರ ಕಾರಣವನ್ನೂ ತೋರಿಸಿದರು. ಏದುಸಿರು ಬಿಡುವವನನ್ನು ಕಂಡು ಹಣೆಬರಹ ಎನ್ನುವವರು ಕಾರಣವನ್ನು ಮುಚ್ಚಿಡುತ್ತಾರೆ. ಹಿಂದಿನ ಜನ್ಮದ ಕರ್ಮ ಎಂಬ ಇಂಥ ವಿವರಣೆಯನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಒಪ್ಪಲಿಲ್ಲ. ಮುಂದೆ ಔಷಧಿ ಬರುತ್ತದಲ್ಲ, ಈಗ ಧೂಳಿದ್ದರೇನು ಎನ್ನುವವರೂ ಅದೇ ಕಾರಣವನ್ನು ಇನ್ನೊಂದು ಬಟ್ಟೆಯಿಂದ ಮುಚ್ಚುತ್ತಾರೆ.

ಈಗಾಗಲೇ ನರಳುತ್ತಿರುವವರಿಗೆ ಹೊಸ ಚಿಕಿತ್ಸೆ ಬೇಕು, ಬಡವರ ಕೈಗೆಟುಕುವಂತೆ ಬೇಕು. ಅದಕ್ಕಾಗಿ ಶ್ರಮಿಸುವುದು ಕರುಣೆ. ನಾಳೆ ಇನ್ನೊಬ್ಬನ ಎದೆಗೆ ಧೂಳು ಸೇರದಂತೆ ತಡೆಯುವುದೂ ಕರುಣೆಯೇ, ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ಮೊದಲು ಬೇಕಾದದ್ದು ನೀರು. ಕಲ್ಲು ಕೊರೆಯುವಾಗ, ಒಡೆಯುವಾಗ ನೀರು ಬಿಟ್ಟರೆ ಧೂಳು ಬಹಳಷ್ಟು ಅಡಗುತ್ತದೆ. ಲಿಂಗನಮಕ್ಕಿಯ ಮಗ್ಗುಲಲ್ಲಿ ಬದುಕುವ ನಮ್ಮ ಕಾರ್ಗಲ್ ಕಡೆಯವರು ನೀರಿಲ್ಲ ಎಂಬ ನೆಪವನ್ನು ಕೇಳಿ ಸುಮ್ಮನಿರಬಾರದು.

ಕ್ವಾರಿಗೋ ಕ್ರಷರ್‌ಗೋ ಹೋಗುವ ನಿಮ್ಮ ಮನೆಯವರನ್ನು, ನೆರೆಯವರನ್ನು ಇಂದು ಕೇಳಿ: ಯಂತ್ರಕ್ಕೆ ನೀರು ಬಿಡುತ್ತಾರಾ? ಎದೆಯ ಎಕ್ಸ್‌ರೇ ತೆಗೆಸಿದ್ದೀರಾ?

ಎಲ್ಲರ ಉಸಿರೂ ಹಗುರವಾಗಲಿ. ಜೈಭೀಮ್, ನಮೋ ಬುದ್ಧಾಯ. 🙏