ಹಾಸಿಗೆ ಖಾಲಿಯಾಯಿತು, ರೋಗಿ ಎಲ್ಲಿ?

2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. ಅದು ಮಾನಸಿಕ ರೋಗಿಗಳಿಗಾಗಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯ. ಒಳಗಿದ್ದವರನ್ನು ಸರಪಳಿಯಿಂದ ಬಿಗಿಯಲಾಗಿತ್ತು. ಅವರಿಗೆ ಓಡಲಾಗಲಿಲ್ಲ. 28 ಮಂದಿ ಸತ್ತರು. ಅಲ್ಲಿನ ದರ್ಗಾದ ಸನ್ನಿಧಿಯಲ್ಲಿ ಕಾಯಿಲೆ ಗುಣವಾಗುತ್ತದೆಂಬ ನಂಬಿಕೆಯಿಂದ ಬೇರೆ ಬೇರೆ ಊರುಗಳ, ಬೇರೆ ಬೇರೆ ಧರ್ಮಗಳ ಕುಟುಂಬಗಳು ಇಂತಹ ಆಶ್ರಯಗಳಿಗೆ ಹಣ ಕೊಟ್ಟು ತಮ್ಮವರನ್ನು ಬಿಟ್ಟುಹೋಗುತ್ತಿದ್ದವು.

ದೇಶವೇ ಬೆಚ್ಚಿತು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಏರ್ವಾಡಿಯ ಇಂತಹ ಆಶ್ರಯಗಳನ್ನು ಮುಚ್ಚಿಸಲಾಯಿತು. ನಾವೆಲ್ಲರೂ ಸರಪಳಿಯನ್ನು ಖಂಡಿಸಿದೆವು, ಮೌಢ್ಯವನ್ನು ಹಳಿದೆವು. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಸುಮ್ಮನಾದೆವು. ಆ 28 ಮಂದಿಗೆ ಆ ಚಪ್ಪರವನ್ನು ಬಿಟ್ಟರೆ ಈ ನಾಡಿನಲ್ಲಿ ಬೇರೆಲ್ಲಿ ಜಾಗವಿತ್ತು?

ಈ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು, ನಮಗಿಂತ ತೀರಾ ಭಿನ್ನವಾದ ಹಾದಿ ಹಿಡಿದ ದೇಶವೊಂದನ್ನು ಮೊದಲು ನೋಡುವುದು ಒಳ್ಳೆಯದು. 1955ರಲ್ಲಿ ಅಮೆರಿಕದ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಅಲ್ಲಿನ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಇದು ಮುನ್ನೂರಕ್ಕೂ ಮಿಕ್ಕಿದ ಲೆಕ್ಕ. ಕೆಲವು ಆಸ್ಪತ್ರೆಗಳು ಒಂದೊಂದು ಪಟ್ಟಣದಷ್ಟು ದೊಡ್ಡದಾಗಿದ್ದವು. 2016ರ ಹೊತ್ತಿಗೆ ರಾಜ್ಯ ಸರಕಾರಗಳ ಆಸ್ಪತ್ರೆಗಳಲ್ಲಿ ಉಳಿದ ಹಾಸಿಗೆಗಳು 38 ಸಾವಿರಕ್ಕೂ ಕಡಿಮೆ. ಅಂದರೆ ಲಕ್ಷಕ್ಕೆ ಸುಮಾರು ಹನ್ನೆರಡು. ಅವುಗಳಲ್ಲೂ ದೊಡ್ಡ ಪಾಲು ಇಂದು ನ್ಯಾಯಾಲಯಗಳು ಕಳುಹಿಸುವ ಆರೋಪಿಗಳಿಗೇ ಮೀಸಲು. ಸ್ವತಃ ಬಾಗಿಲು ತಟ್ಟುವ ರೋಗಿಗೆ ಸಿಗುವುದು ಅಲ್ಪ.

ಇಷ್ಟು ದೊಡ್ಡ ಇಳಿಕೆ ಹೇಗಾಯಿತು? ಮೂರು ಕಾರಣಗಳು ಒಟ್ಟಿಗೆ ಕೂಡಿದವು. ಒಂದು, ಔಷಧ. 1952ರಲ್ಲಿ ಪ್ಯಾರಿಸ್‌ನ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಮದ್ದನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ನೋಡಿದರು. ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಹಾಕಬೇಕಾಗಿದ್ದ ಅನೇಕರು ಶಾಂತರಾದರು. ಎರಡು, ನ್ಯಾಯಪ್ರಜ್ಞೆ. ಅಪರಾಧ ಮಾಡದ ಮನುಷ್ಯನನ್ನು ಜೀವನಪೂರ್ತಿ ಬಂಧಿಸಿಡುವ ಹಕ್ಕು ಯಾರಿಗಿದೆ ಎಂದು ನ್ಯಾಯಾಲಯಗಳು ಕೇಳತೊಡಗಿದವು. ತನಗೂ ಇತರರಿಗೂ ಅಪಾಯವಿಲ್ಲದ, ಹೊರಗೆ ಬದುಕಬಲ್ಲ ವ್ಯಕ್ತಿಯನ್ನು ಕೂಡಿಹಾಕುವಂತಿಲ್ಲ ಎಂದು 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಮೂರು, ಹಣ. 1965ರಲ್ಲಿ ಬಂದ ಬಡವರ ಆರೋಗ್ಯ ಯೋಜನೆಯಲ್ಲಿ, ಮಾನಸಿಕ ಆಸ್ಪತ್ರೆಯಲ್ಲಿರುವ 65 ವರ್ಷದೊಳಗಿನ ವಯಸ್ಕರ ಖರ್ಚನ್ನು ಕೇಂದ್ರ ಸರಕಾರ ಭರಿಸುತ್ತಿರಲಿಲ್ಲ. ಅದೇ ರೋಗಿಯನ್ನು ವೃದ್ಧರ ಶುಶ್ರೂಷಾ ಗೃಹಕ್ಕೆ ದಾಟಿಸಿದರೆ ಭರಿಸುತ್ತಿತ್ತು. ಖಜಾನೆ ಉಳಿಸಲು ರಾಜ್ಯಗಳಿಗೆ ಇದಕ್ಕಿಂತ ಸುಲಭದ ದಾರಿ ಬೇಕಿರಲಿಲ್ಲ.

ಮೊದಲೆರಡು ಕಾರಣಗಳು ಗೌರವಾರ್ಹ. ಮೂರನೆಯದು ಅವುಗಳ ಬೆನ್ನ ಹಿಂದೆ ಅಡಗಿ ನಡೆಯಿತು. 1963ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕೆನೆಡಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾನೂನಿಗೆ ಸಹಿ ಹಾಕಿದರು. ಅವರ ಸ್ವಂತ ಸಹೋದರಿ ರೋಸ್‌ಮೇರಿ 1941ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ ಬದುಕನ್ನೇ ಕಳೆದುಕೊಂಡವರು. ಆದ್ದರಿಂದ ಅವರ ಕಳಕಳಿಯನ್ನು ನಾವು ಶಂಕಿಸಬೇಕಾಗಿಲ್ಲ. ದೊಡ್ಡ ಆಸ್ಪತ್ರೆಗಳ ಬದಲು ಊರೂರಲ್ಲಿ 1,500 ಕೇಂದ್ರಗಳು ಬರಬೇಕಾಗಿತ್ತು. ಬಂದದ್ದು ಅರ್ಧದಷ್ಟು. ಆಸ್ಪತ್ರೆ ಖಾಲಿ ಮಾಡುವ ಕೆಲಸ ಮಾತ್ರ ಅರ್ಧಕ್ಕೆ ನಿಲ್ಲಲಿಲ್ಲ. ಪರಿಣಾಮವಾಗಿ ಹಲವರು ಮನೆ ಸೇರಿ ನೆಮ್ಮದಿಯಾಗಿ ಬದುಕಿದರು, ಇನ್ನು ಹಲವರು ಕಾಲುದಾರಿಯಲ್ಲಿ ಮಲಗಿದರು, ಮತ್ತೆ ಹಲವರು ಸಣ್ಣಪುಟ್ಟ ಅಪರಾಧಗಳಿಗಾಗಿ ಜೈಲು ಸೇರಿದರು. ಲಾಸ್ ಏಂಜಲೀಸ್, ಷಿಕಾಗೊ, ನ್ಯೂಯಾರ್ಕ್‌ಗಳ ಜೈಲುಗಳನ್ನೇ ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆಗಳು ಎಂದು ಅಲ್ಲಿನವರು ಕರೆಯುತ್ತಾರೆ. ಮಾನಸಿಕ ಆಸ್ಪತ್ರೆಗಳು ತುಂಬಿದ ದೇಶದಲ್ಲಿ ಜೈಲುಗಳು ಖಾಲಿ, ಜೈಲುಗಳು ತುಂಬಿದ ದೇಶದಲ್ಲಿ ಆಸ್ಪತ್ರೆಗಳು ಖಾಲಿ ಎಂದು ಬ್ರಿಟನ್ನಿನ ಲಯನಲ್ ಪೆನ್‌ರೋಸ್ 1939ರಲ್ಲೇ ಯುರೋಪಿನ ಅಂಕಿಅಂಶ ನೋಡಿ ಬರೆದಿದ್ದರು. ಈ ನಿಯಮ ಎಲ್ಲೆಡೆ ಸರಿಹೊಂದುವುದಿಲ್ಲ. ಆದರೂ ಅದರ ಎಚ್ಚರಿಕೆ ಸುಳ್ಳಲ್ಲ.

ಹಾಗಾದರೆ ಹಳೆಯ ಆಸ್ಪತ್ರೆಗಳನ್ನು ಮುಚ್ಚಿದ್ದೇ ತಪ್ಪೇ? ಇಟಲಿಯ ಅನುಭವ ಬೇರೆ ಮಾತು ಹೇಳುತ್ತದೆ. 1971ರಲ್ಲಿ ವೈದ್ಯ ಫ್ರಾಂಕೊ ಬಸಾಲಿಯಾ ತ್ರಿಯೆಸ್ತೆ ನಗರದ ಮಾನಸಿಕ ಆಸ್ಪತ್ರೆಯ ನಿರ್ದೇಶಕರಾದಾಗ ಅಲ್ಲಿ ಸುಮಾರು 1,200 ಮಂದಿ ಇದ್ದರು. ಅವರು ಒಮ್ಮೆಲೇ ಬಾಗಿಲು ತೆರೆದು ರೋಗಿಗಳನ್ನು ಹೊರಗೆ ತಳ್ಳಲಿಲ್ಲ. ಮೊದಲು ರೋಗಿಗಳ ಸಹಕಾರ ಸಂಘ ಕಟ್ಟಿದರು, ಅದುವರೆಗೆ ಬಿಟ್ಟಿ ದುಡಿಸಿಕೊಳ್ಳುತ್ತಿದ್ದ ಕೆಲಸಕ್ಕೆ ಕೂಲಿ ಕೊಡಿಸಿದರು, ನಗರದ ಬಡಾವಣೆಗಳಲ್ಲಿ ಮನೆಗಳನ್ನೂ ಚಿಕಿತ್ಸಾ ಕೇಂದ್ರಗಳನ್ನೂ ತೆರೆದರು. ಆ ಕೇಂದ್ರಗಳಲ್ಲಿ ಕೆಲವೇ ಹಾಸಿಗೆಗಳು, ಆದರೆ ಹಗಲೂ ರಾತ್ರಿ ತೆರೆದ ಬಾಗಿಲು. ಆಸ್ಪತ್ರೆ ಮುಚ್ಚಿದ್ದು ಆಮೇಲೆ. 1978ರ ಮೇ ತಿಂಗಳಲ್ಲಿ ಇಟಲಿ ಹೊಸ ಮಾನಸಿಕ ಆಸ್ಪತ್ರೆಗಳ ನಿರ್ಮಾಣವನ್ನೇ ಕಾನೂನಿನ ಮೂಲಕ ನಿಷೇಧಿಸಿತು. ಸಾಮಾನ್ಯ ಆಸ್ಪತ್ರೆಗಳಲ್ಲಿ ಹದಿನೈದು ಹಾಸಿಗೆ ಮೀರದ ವಿಭಾಗಗಳಿಗೆ ಅವಕಾಶ ಕೊಟ್ಟಿತು. ತ್ರಿಯೆಸ್ತೆಯಂತೆ ಸಿದ್ಧತೆ ಮಾಡಿಕೊಂಡ ಕಡೆ ಅದು ಫಲಿಸಿತು. ಸಿದ್ಧತೆ ಇಲ್ಲದ ಪ್ರಾಂತ್ಯಗಳಲ್ಲಿ ಭಾರವೆಲ್ಲ ಕುಟುಂಬಗಳ ತಲೆಗೆ ಬಿತ್ತು.

ಇದಕ್ಕೆ ನೇರ ವಿರುದ್ಧವಾದದ್ದು 2016ರಲ್ಲಿ ದಕ್ಷಿಣ ಆಫ್ರಿಕದ ಗೌಟೆಂಗ್ ಪ್ರಾಂತ್ಯದಲ್ಲಿ ನಡೆಯಿತು. ಲೈಫ್ ಎಸಿಡಿಮೆನಿ ಎಂಬ ದೀರ್ಘಕಾಲೀನ ಆರೈಕೆಯ ಸಂಸ್ಥೆಯೊಂದಿಗಿನ ಒಪ್ಪಂದವನ್ನು ಅಲ್ಲಿನ ಆರೋಗ್ಯ ಇಲಾಖೆ ರದ್ದುಪಡಿಸಿತು. ರೋಗಿಗಳನ್ನು ಸಮುದಾಯಕ್ಕೆ ಮರಳಿಸುತ್ತೇವೆ, ವೆಚ್ಚವನ್ನೂ ಉಳಿಸುತ್ತೇವೆ ಎಂದು ಹೇಳಿ ಸಾವಿರಕ್ಕೂ ಹೆಚ್ಚು ಮಂದಿಯ ಪೈಕಿ ಬಹುಪಾಲನ್ನು ಸರಿಯಾದ ಪರವಾನಿಗೆಯೂ ಇಲ್ಲದ ಸಂಘಸಂಸ್ಥೆಗಳಿಗೆ ಸಾಗಿಸಿತು. ಹಸಿವು, ನೀರಡಿಕೆ, ಚಳಿ, ಔಷಧವಿಲ್ಲದಿರುವಿಕೆ. 144 ಮಂದಿ ಸತ್ತರು. ತಮ್ಮವರನ್ನು ಎಲ್ಲಿಗೆ ಒಯ್ದರೆಂಬುದೇ ಕೆಲವು ಕುಟುಂಬಗಳಿಗೆ ಗೊತ್ತಿರಲಿಲ್ಲ. ಕಾಗದದ ಮೇಲೆ ಮಾತ್ರ ಅದು ಸುಧಾರಣೆಯಾಗಿತ್ತು. ಅಷ್ಟು ಹಾಸಿಗೆಗಳು ಕಡಿಮೆಯಾಗಿದ್ದವು.

ತ್ರಿಯೆಸ್ತೆಯಲ್ಲೂ ಹಾಸಿಗೆ ಕಡಿಮೆಯಾಯಿತು, ಗೌಟೆಂಗ್‌ನಲ್ಲೂ ಕಡಿಮೆಯಾಯಿತು. ಅಂಕಿ ನೋಡಿದರೆ ಎರಡೂ ಒಂದೇ. ಒಂದು ಹಾಸಿಗೆ ಖಾಲಿಯಾದಾಗ ಅದರಲ್ಲಿದ್ದವನು ಮನೆ ಸೇರಿರಬಹುದು, ಅಥವಾ ನಮ್ಮ ಲೆಕ್ಕದಿಂದಲೇ ಬಿಟ್ಟುಹೋಗಿರಬಹುದು. ಆದ್ದರಿಂದ ಹಾಸಿಗೆ ಹೆಚ್ಚಿರಬೇಕೋ ಕಡಿಮೆ ಇರಬೇಕೋ ಎಂಬ ವಾದದಲ್ಲಿ ನೈತಿಕ ಪ್ರಶ್ನೆ ಇಲ್ಲ. ಹಾಸಿಗೆಯಿಂದ ಎದ್ದವನು ಎಲ್ಲಿಗೆ ಹೋದ, ಅಲ್ಲಿ ಅವನನ್ನು ವಿಚಾರಿಸುವವರು ಯಾರು ಎಂಬುದರಲ್ಲಿ ಅದು ಇದೆ.

ಈ ಮಾನದಂಡವನ್ನು ಕೈಯಲ್ಲಿ ಹಿಡಿದು ನಮ್ಮ ದೇಶಕ್ಕೆ ಮರಳೋಣ. ನಾವು ಖಾಲಿ ಮಾಡಲು ಹಾಸಿಗೆಗಳೇ ಇರಲಿಲ್ಲ. 1946ರ ಭೋರ್ ಸಮಿತಿಯ ಪ್ರಕಾರ ಸುಮಾರು 40 ಕೋಟಿ ಜನರಿಗೆ ಇದ್ದದ್ದು ಹತ್ತು ಸಾವಿರದಷ್ಟು ಮಾನಸಿಕ ಹಾಸಿಗೆಗಳು, ಅಂದರೆ 40 ಸಾವಿರ ಮಂದಿಗೆ ಒಂದು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿಮ್ಹಾನ್ಸ್ ಮೂಲಕ 37 ಆಸ್ಪತ್ರೆಗಳನ್ನು ಪರಿಶೀಲಿಸಿದಾಗ ಸಿಕ್ಕಿದ್ದು ಸುಮಾರು 18 ಸಾವಿರ. ಅಷ್ಟರಲ್ಲಿ ಜನಸಂಖ್ಯೆ 100 ಕೋಟಿ ಮುಟ್ಟಿತ್ತು. ಹಾಸಿಗೆ ಹೆಚ್ಚಿದರೂ ಪಾಲು ಕಡಿಮೆಯಾಗಿತ್ತು.

ಹಾಗಿದ್ದರೆ ಭಾರತದ ರೋಗಿಗಳನ್ನು ನೋಡಿಕೊಂಡವರು ಯಾರು? ಕುಟುಂಬ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆಗೆ ಕಾರಣವೂ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಕುಟುಂಬವನ್ನು ಜತೆಗಿರಿಸಿಕೊಂಡೇ ಚಿಕಿತ್ಸೆ ನೀಡುವ ಪದ್ಧತಿ ಬೆಳೆಸಿತು. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಗೆ ಮದ್ದು ತಲುಪಿಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಆದರೆ ಕುಟುಂಬ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಹೆಚ್ಚಿನ ಮನೆಗಳಲ್ಲಿ ಅದರ ಅರ್ಥ ಒಬ್ಬ ತಾಯಿ. ಇಲ್ಲವೆ ಮದುವೆಯಾಗದೆ ಉಳಿದ ಒಬ್ಬ ತಂಗಿ. ಮಗನ ಕೂಗಾಟ ಕೇಳಿ ನೆರೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಮಗಳ ಸಂಬಂಧಕ್ಕೆ ಬಂದವರು ವಿಷಯ ತಿಳಿದು ಮತ್ತೆ ಬರುವುದಿಲ್ಲ. ತಾಯಿತ, ಮಂತ್ರಿಸಿದ ನೀರು, ಜಿನ್ನ್ ಬಿಡಿಸುವವರು ಎಂದು ಒಡವೆ ಕರಗುತ್ತದೆ. ಕಾಯಿಲೆ ಬಿದ್ದವಳು ಸೊಸೆಯಾದರೆ ತವರಿಗೆ ಕಳುಹಿಸಿ ಕೈತೊಳೆದುಕೊಳ್ಳುವುದೂ ಉಂಟು. ಕೊನೆಗೆ ಆ ತಾಯಿ ಹಿತ್ತಲ ಕೋಣೆಯಲ್ಲಿ ಮಗನ ಕಾಲಿಗೆ ಸರಪಳಿ ಹಾಕಿದರೆ ಅದನ್ನು ಬರೀ ಕ್ರೌರ್ಯ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಅವಳು ಕೂಲಿಗೆ ಹೋಗಬೇಕು, ಅವನು ರಸ್ತೆಗೆ ಓಡಬಾರದು. ಆ ಸರಪಳಿಯ ಇನ್ನೊಂದು ತುದಿ ನಮ್ಮ ಕೈಯಲ್ಲಿದೆ.

ಇಲ್ಲಿ ನಮ್ಮ ಸಮುದಾಯಕ್ಕೆ ಸಲ್ಲುವ ಮಾತೊಂದಿದೆ. ಬೀಮಾರಿಸ್ತಾನ್‌ಗಳ ಚರಿತ್ರೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ದಮಾಸ್ಕಸ್, ಕೈರೋ, ಅಲೆಪ್ಪೊಗಳಲ್ಲಿ ವಕ್ಫ್ ಆದಾಯದಿಂದ ನಡೆದ ಆಸ್ಪತ್ರೆಗಳಲ್ಲಿ ಮಾನಸಿಕ ರೋಗಿಗಳಿಗೂ ಜಾಗವಿತ್ತು ಎಂಬುದು ನಿಜ. ಒಂಬತ್ತನೇ ಶತಮಾನದಲ್ಲಿ ಈಜಿಪ್ಟಿನ ಅಮೀರ್ ಅಹ್ಮದ್ ಇಬ್ನ್ ತೂಲೂನ್ ಕಟ್ಟಿಸಿದ ಆಸ್ಪತ್ರೆಯ ಕುರಿತು ಇತಿಹಾಸಕಾರ ಮಕ್ರೀಝಿ ಒಂದು ಘಟನೆ ಹೇಳುತ್ತಾರೆ. ಅಮೀರ್ ಪ್ರತಿ ಶುಕ್ರವಾರ ಅಲ್ಲಿಗೆ ಹೋಗಿ ರೋಗಿಗಳನ್ನು ವಿಚಾರಿಸುತ್ತಿದ್ದರು. ಒಮ್ಮೆ ಬಂಧನದಲ್ಲಿದ್ದ ಮಾನಸಿಕ ರೋಗಿಯೊಬ್ಬ ದಾಳಿಂಬೆ ಬೇಕೆಂದ. ತರಿಸಿಕೊಟ್ಟರು. ಅವನು ಅದನ್ನು ಅಮೀರರ ಮೇಲೆಯೇ ಎಸೆದ, ಬಟ್ಟೆಯೆಲ್ಲ ಕಲೆಯಾಯಿತು. ಅಮೀರ್ ಮತ್ತೆಂದೂ ಆ ಆಸ್ಪತ್ರೆಗೆ ಕಾಲಿಡಲಿಲ್ಲ.

ಈ ಕಥೆಯ ಮೊದಲರ್ಧವನ್ನು ಮಾತ್ರ ನಾವು ಹೇಳಿದರೆ ಸಾಲದು. ಕಟ್ಟಡ ಕಟ್ಟಿಸುವಷ್ಟು, ದಾಳಿಂಬೆ ಕೊಡುವಷ್ಟು ಔದಾರ್ಯ ನಮ್ಮಲ್ಲೂ ಇದೆ. ಕೃತಜ್ಞತೆ ತೋರಿಸದ, ಬೈಯುವ, ನಮ್ಮ ಬಟ್ಟೆ ಕೊಳೆ ಮಾಡುವ ರೋಗಿಯ ಬಳಿಗೆ ಮುಂದಿನ ಶುಕ್ರವಾರವೂ ಹೋಗುವ ಶಕ್ತಿ ಇದೆಯೇ? ಈ ಕಾಯಿಲೆಯ ಸ್ವಭಾವವೇ ಅದು. ಆರೈಕೆ ಮಾಡುವವನನ್ನೇ ಶತ್ರುವೆಂದು ರೋಗಿ ಭಾವಿಸಬಹುದು. ಧನ್ಯವಾದ ಸಿಗುವ ತನಕ ಮಾತ್ರ ಮಾಡುವ ಸೇವೆ ಇಲ್ಲಿ ಒಂದು ವಾರವೂ ಬಾಳುವುದಿಲ್ಲ.

ಬುದ್ಧಿ ಕಳಕೊಂಡವನು ಚೇತರಿಸುವ ತನಕ ಅವನ ಕರ್ಮಗಳನ್ನು ದಾಖಲಿಸುವ ಲೇಖನಿ ಎತ್ತಲ್ಪಟ್ಟಿರುತ್ತದೆ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ನಿದ್ರಿಸುವವನ, ಮಗುವಿನ ಸಾಲಿನಲ್ಲೇ ಅವನನ್ನೂ ನಿಲ್ಲಿಸಲಾಗಿದೆ. ಅವನು ಶಾಪಗ್ರಸ್ತನಲ್ಲ, ಪಾಪಿಯಲ್ಲ. ತನ್ನ ಸೊತ್ತನ್ನು ನಿಭಾಯಿಸಲಾಗದವರಿಗೆ ಅದರಿಂದಲೇ ಅನ್ನ, ಬಟ್ಟೆ ಕೊಡಬೇಕು, ಅವರೊಂದಿಗೆ ಒಳ್ಳೆಯ ಮಾತನ್ನಾಡಬೇಕು ಎಂದು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ಆದೇಶಿಸುತ್ತದೆ. ಅನ್ನ, ಬಟ್ಟೆಗಳ ಜತೆಗೇ ಒಳ್ಳೆಯ ಮಾತನ್ನೂ ಸೇರಿಸಿದ್ದನ್ನು ನಾವು ಗಮನಿಸಬೇಕು. ಅವನ ಮೇಲಿನ ಲೇಖನಿ ಎತ್ತಲ್ಪಟ್ಟಿತು ಎಂದರೆ ಲೆಕ್ಕವೇ ಮುಗಿಯಿತು ಎಂದಲ್ಲ. ಅವನ ವಿಷಯದಲ್ಲಿ ಬರೆಯಬೇಕಾದದ್ದೆಲ್ಲ ಈಗ ನಮ್ಮ ಪುಟದಲ್ಲಿ ಬರೆಯಲ್ಪಡುತ್ತದೆ ಎಂದು ಅರ್ಥ.

ಕಾನೂನು ಈ ದಿಕ್ಕಿನಲ್ಲಿ ನಮಗಿಂತ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ನಿಷೇಧಿಸಿತು. ಕುಟುಂಬ ಸ್ವೀಕರಿಸಲಿಲ್ಲ, ಮನೆಯಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಬಾರದು ಎಂದಿತು. ಆದರೂ 2019ರಲ್ಲಿ ಪ್ರಕಟವಾದ ಅಧ್ಯಯನದಂತೆ ಸರಕಾರಿ ಮಾನಸಿಕ ಆಸ್ಪತ್ರೆಗಳ ಒಳರೋಗಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಕಾಲದಿಂದ ಅಲ್ಲೇ ಇದ್ದರು. ಗುಣವಾದರೂ ಕರೆದೊಯ್ಯಲು ಬರುವವರಿಲ್ಲದವರು ಅವರಲ್ಲಿ ಅನೇಕರು. ಒಂದೆಡೆ ಹಾಸಿಗೆ ಸಿಗದೆ ಚಪ್ಪರ ಸೇರಿದವರು, ಇನ್ನೊಂದೆಡೆ ಹಾಸಿಗೆ ಬಿಟ್ಟು ಹೋಗಲು ಮನೆಯಿಲ್ಲದವರು. ಕಾಯಿದೆ ಬಾಗಿಲು ತೆರೆಯಬಲ್ಲದು. ಆಚೆ ಬದಿಯಲ್ಲಿ ಕಾದು ನಿಲ್ಲಲು ಮನುಷ್ಯರೇ ಬೇಕು.

ಸರಕಾರದ ಹೊಣೆ ಸರಕಾರದ್ದೇ. ಜಿಲ್ಲಾಸ್ಪತ್ರೆಗಳಲ್ಲಿ ತುರ್ತಿಗೆ ಹಾಸಿಗೆ, ಗುಣವಾದವರಿಗೆ ನಡುಮನೆಗಳು, ಮದ್ದಿನ ಅಭಾವವಾಗದ ವ್ಯವಸ್ಥೆ, ಇವನ್ನು ನಾವು ಕೇಳುತ್ತಲೇ ಇರಬೇಕು. ಒಂದು ಹಾಸಿಗೆ ತೆಗೆಯುವ ಮೊದಲು ಬದಲಿ ಜಾಗ ತೋರಿಸಿ ಎಂದು ಹಟ ಹಿಡಿಯಬೇಕು. ಆದರೆ ನಮ್ಮ ಜಮಾಅತ್‌ಗಳು ನಾಳೆಯೇ ಆರಂಭಿಸಬಹುದಾದ ಕೆಲಸಗಳೂ ಇವೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರು ದುಆ ಮಾಡಿ ರೋಗಿಯನ್ನು ಅಲ್ಲೇ ಕುಳಿತ ಮನೋವೈದ್ಯರ ಬಳಿಗೆ ಕಳುಹಿಸುವ 'ದವಾ-ದುಆ' ಪ್ರಯೋಗ ನಡೆಯಿತು. ಏರ್ವಾಡಿಯಲ್ಲೂ ಬಳಿಕ ಅದೇ ಮಾದರಿ ಬಂತು. ನಂಬಿಕೆಯನ್ನು ಅವಮಾನಿಸದೆಯೇ ಚಿಕಿತ್ಸೆ ತಲುಪಿಸಬಹುದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಮೊಹಲ್ಲಾದಲ್ಲಿ ಇಂತಹ ಎಷ್ಟು ಮನೆಗಳಿವೆ ಎಂದು ನಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಮೊದಲು ಅದನ್ನು ತಿಳಿಯೋಣ. ತಿಂಗಳಿಗೊಮ್ಮೆ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಒಬ್ಬ ಯುವಕ, ಮದ್ದಿಗೆ ಬೈತುಲ್‌ಮಾಲ್‌ನಿಂದ ಒಂದಿಷ್ಟು ಹಣ, ಆ ತಾಯಿ ಒಂದು ಮದುವೆಗೋ ಮಯ್ಯಿತ್ ಮನೆಗೋ ಹೋಗಿಬರಲು ಅರ್ಧ ದಿನ ಮಗನ ಜತೆ ಕುಳಿತುಕೊಳ್ಳುವ ಒಬ್ಬರು. ಇಷ್ಟು ಸಾಧ್ಯವಾದರೆ ಆ ಮನೆಯ ಸರಪಳಿ ಕಳಚಲು ದಾರಿಯಾದೀತು. ಅವನು ದಾಳಿಂಬೆ ಎಸೆದಾನು. ಬಟ್ಟೆ ಒಗೆದುಕೊಂಡು ಮುಂದಿನ ಶುಕ್ರವಾರ ನಾವು ಮತ್ತೆ ಹೋಗಬೇಕು.