ಕಾಣದ ಉತ್ಪತ್ತಿಗೆ ಕಾಣುವ ಹೇತು

ಉಪವಾಸದಲ್ಲಿರುವ ದೇಹದಲ್ಲಿ ಕೀಟೋನ್ ಕಾಯಗಳು ಎಷ್ಟು ವೇಗವಾಗಿ ತಯಾರಾಗುತ್ತವೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ರಕ್ತದಲ್ಲಿ ಸಿಗುವ ಗುರುತುಗಳಿಂದ ಅದನ್ನು ಅನುಮಾನಿಸಬೇಕು, ಅಂದರೆ ತರ್ಕಿಸಿ ತಿಳಿಯಬೇಕು. ಕಾಣುವ ಗುರುತು ಕಾಣದ ಸಂಗತಿಗೆ ಯಾವಾಗ ಪ್ರಮಾಣವಾಗುತ್ತದೆ ಎಂಬ ತರ್ಕಶಾಸ್ತ್ರದ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ.

ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯ ಅನುಮಾನದ ಮೇಲಿನ ಆಕ್ಷೇಪವನ್ನು ಎತ್ತಿಕೊಳ್ಳುತ್ತದೆ. ನದಿ ಉಕ್ಕಿದರೆ ಮೇಲೆ ಮಳೆಯಾಗಿದೆ ಎನ್ನುತ್ತೇವೆ; ಆದರೆ ಕೆಳಗೆ ನೀರಿಗೆ ತಡೆಯಾದರೂ ನದಿ ಉಕ್ಕುತ್ತದೆ. ಕೂಗು ಕೇಳಿ ನವಿಲಿದೆ ಎನ್ನುತ್ತೇವೆ. ಮನುಷ್ಯ ಅನುಕರಿಸಿದರೂ ಅಂಥದೇ ಕೂಗು ಕೇಳುತ್ತದೆ. ಹೀಗಿರುವಾಗ ಅನುಮಾನವನ್ನು ನಂಬುವುದೆಂತು? ಭಾಷ್ಯಕಾರ ವಾತ್ಸ್ಯಾಯನನ ಉತ್ತರ ಸ್ಪಷ್ಟ: ಅಪರಾಧ ಅನುಮಾನದ್ದಲ್ಲ, ಅನುಮಾನ ಮಾಡಿದವನದು. ಮಳೆಯ ಪ್ರವಾಹಕ್ಕೆ ಸೆಳೆತವಿರುತ್ತದೆ. ಅದು ನೊರೆ, ಎಲೆ, ಕಟ್ಟಿಗೆಗಳನ್ನು ಹೊತ್ತು ತರುತ್ತದೆ. ಬರಿಯ ಉಕ್ಕು ಹೇತುವಲ್ಲ, ಅಂದರೆ ಅನುಮಾನಕ್ಕೆ ಆಧಾರವಾಗುವ ಗುರುತಲ್ಲ; ಈ ವಿಶೇಷಗಳಿಂದ ಕೂಡಿದ ಉಕ್ಕು ಹೇತು.

ಕೀಟೋನ್ ಕಾಯಗಳಲ್ಲಿ ಮುಖ್ಯವಾದವು ಅಸಿಟೋಅಸಿಟೇಟ್ ಮತ್ತು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್. ಪಿತ್ತಜನಕಾಂಗ ಇವನ್ನು ಕೊಬ್ಬಿನಾಮ್ಲಗಳಿಂದ ತಯಾರಿಸುತ್ತದೆ, ತಾನು ಬಳಸಲಾರದು. ಮಿದುಳು, ಹೃದಯ, ಸ್ನಾಯುಗಳು ಬಳಸುತ್ತವೆ. ರಕ್ತದಲ್ಲಿ ಇವುಗಳ ಮಟ್ಟ ಏರಿತೆಂದ ಮಾತ್ರಕ್ಕೆ ಉತ್ಪತ್ತಿ ಏರಿತೆನ್ನಲಾಗದು. ದೀರ್ಘ ಉಪವಾಸದಲ್ಲಿ ಮೊದಲ ಕೆಲವು ದಿನಗಳ ನಂತರ ಉತ್ಪತ್ತಿ ಬಹುಮಟ್ಟಿಗೆ ಸ್ಥಿರವಾಗುತ್ತದೆ. ಸ್ನಾಯುಗಳ ಬಳಕೆ ತಗ್ಗುವುದರಿಂದ ಮಟ್ಟ ಮಾತ್ರ ಏರುತ್ತಲೇ ಹೋಗುತ್ತದೆ. ಕೆಳಗೆ ತಡೆಯಾಗಿ ಉಕ್ಕಿದ ನದಿಯ ಸ್ಥಿತಿಯೇ ಇದು.

ಹೇತುವಿಗೆ ಬೇಕಾದ ವಿಶೇಷವನ್ನು ಐಸೋಟೋಪ್ ಒದಗಿಸುತ್ತದೆ. ಕಾರ್ಬನ್-13ರಿಂದ ಗುರುತು ಮಾಡಿದ ಕೀಟೋನನ್ನು ಗೊತ್ತಾದ ವೇಗದಲ್ಲಿ ರಕ್ತನಾಳಕ್ಕೆ ಹರಿಸುತ್ತಾರೆ. ದೇಹ ತಯಾರಿಸಿದ ಗುರುತಿಲ್ಲದ ಕೀಟೋನ್ ಅದರೊಡನೆ ಬೆರೆತು ಗುರುತನ್ನು ತೆಳುಗೊಳಿಸುತ್ತದೆ. ಗುರುತಿನ ಅನುಪಾತ ಸ್ಥಿರವಾದ ಮೇಲೆ ರಕ್ತದ ನೂರು ಕೀಟೋನ್ ಅಣುಗಳಲ್ಲಿ ಒಂದಕ್ಕೆ ಗುರುತಿದ್ದರೆ, ಹೊರಗಿನಿಂದ ಬಂದ ಪ್ರತಿ ಅಣುವಿಗೆ ದೇಹ 99 ಅಣುಗಳನ್ನು ಸೇರಿಸಿದೆ ಎಂದು ಲೆಕ್ಕ. ಎರಡು ಕೀಟೋನ್‌ಗಳೂ ಪರಸ್ಪರ ರೂಪಾಂತರ ಹೊಂದುವುದರಿಂದ ಎರಡನ್ನೂ ಅಳೆಯಬೇಕು.

ಇಷ್ಟಾದರೂ ನವಿಲಿನ ಕೂಗಿನ ಆಕ್ಷೇಪ ಉಳಿಯುತ್ತದೆ. ಸ್ನಾಯು ಮತ್ತು ಹೃದಯದಲ್ಲಿ ಅಸಿಟೋಅಸಿಟೇಟನ್ನು ಒಡೆಯುವ ಕ್ರಿಯೆಗಳು ಹಿಮ್ಮುಖವಾಗಿಯೂ ನಡೆಯುತ್ತವೆ. ಗುರುತಿನ ಅಣು ಒಳಹೋಗಿ, ಅದರ ಜಾಗಕ್ಕೆ ಗುರುತಿಲ್ಲದ ಅಣು ಹೊರಬರುತ್ತದೆ. ಹೊಸ ಕೀಟೋನ್ ಒಂದೂ ಹೆಚ್ಚುವರಿಯಾಗಿ ಹುಟ್ಟದಿದ್ದರೂ ಗುರುತು ತೆಳುವಾಗುತ್ತದೆ, ಲೆಕ್ಕದಲ್ಲಿ ಉತ್ಪತ್ತಿ ಹೆಚ್ಚಾಗಿ ಕಾಣುತ್ತದೆ. ವಿಜ್ಞಾನಿಗಳು ಇದನ್ನು ಹುಸಿ ಕೀಟೋನ್ ಉತ್ಪತ್ತಿ ಎನ್ನುತ್ತಾರೆ. ನ್ಯಾಯದರ್ಶನದ ನೈಯಾಯಿಕರು ಇದನ್ನು ಸವ್ಯಭಿಚಾರ ಹೇತ್ವಾಭಾಸ, ಅಂದರೆ ಸಾಧಿಸಬೇಕಾದದ್ದು ಇಲ್ಲದೆಡೆಯೂ ಕಾಣುವ ಹುಸಿ ಹೇತು, ಎನ್ನುತ್ತಿದ್ದರು. 'ಎಲ್ಲಿ ಗುರುತು ತೆಳುವೋ ಅಲ್ಲಿ ಉತ್ಪತ್ತಿ' ಎಂಬ ವ್ಯಾಪ್ತಿಗೆ (ತಪ್ಪದ ಸಂಬಂಧಕ್ಕೆ) 'ವಿನಿಮಯವಿಲ್ಲದಿದ್ದರೆ' ಎಂಬ ಉಪಾಧಿ (ಷರತ್ತು) ಅಂಟಿಕೊಂಡಿದೆ. ಪಿತ್ತಜನಕಾಂಗಕ್ಕೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತದಲ್ಲಿನ ಕೀಟೋನ್ ವ್ಯತ್ಯಾಸವನ್ನು ಅಳೆದು ಹೋಲಿಸಿದರೆ ಆ ಉಪಾಧಿಯ ಪ್ರಭಾವ ತಿಳಿಯುತ್ತದೆ.

ಇಂಥ ದೋಷಗಳನ್ನು ತೋರಿಸಿ ಅನುಮಾನವನ್ನೇ ಬಿಡಬೇಕೆಂಬುದು ಪ್ರತ್ಯಕ್ಷವನ್ನಷ್ಟೇ ಒಪ್ಪುವ ಚಾರ್ವಾಕರ ನಿಲುವು. ನ್ಯಾಯಕುಸುಮಾಂಜಲಿಯಲ್ಲಿ ಉದಯನಾಚಾರ್ಯರು ಕೊಡುವ ಉತ್ತರ ಇಲ್ಲಿಗೂ ಸಲ್ಲುತ್ತದೆ: ಬೇರೆ ಕಾಲದೇಶಗಳಲ್ಲಿ ನಿಯಮ ತಪ್ಪೀತೆಂದು ಶಂಕಿಸುವುದಕ್ಕೂ ಅನುಮಾನವೇ ಆಧಾರ. ಹುಸಿ ಉತ್ಪತ್ತಿ ಗೊತ್ತಾದದ್ದೂ ಇನ್ನೊಂದು ಅನುಮಾನದಿಂದಲೇ. ಪ್ರತಿಯೊಂದು ಉಪಾಧಿಯನ್ನೂ ಹುಡುಕಿ ಹೇತುವನ್ನು ಶುದ್ಧಗೊಳಿಸುತ್ತ ಹೋಗುವುದರಲ್ಲೇ ಅನುಮಾನದ ಪ್ರಾಮಾಣ್ಯವಿದೆ.